ಮಗ್ಗದ ಗುಂಡಿಯಲ್ಲಿ ನಡೆದವಳು

ಕೆಂಚಕ್ಕ ಉಚ್ಚಂಗೆಮ್ಮನ ಹೆಸರು ಮೊದಲು ಕೇಳಿದ್ದು ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ. ತಳಕಿನಲ್ಲಿ ಹತ್ತಿದವಳಿಗೆ ಸೀಟು ಸಿಕ್ಕಿರಲಿಲ್ಲ, ಕಂಬಿ ಹಿಡಿದು ನಿಂತಿದ್ದಳು. ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ನಮ್ಮ ಬೀದಿ ಉಚ್ಚಂಗೆಮ್ಮ ನಡೆಯೋಕೆ ಮಿಷನ್ ತರಿಸ್ತಾಳಂತೆ ಕಣೆ."

"ನಡೆಯೋಕೆ ಯಾತರ ಮಿಷನ್ನು? ಕಾಲಿಲ್ವಾ?"

"ಕಾಲೈತೆ, ಶಕ್ತಿ ಇಲ್ಲ. ಅದರ ಮೇಲೆ ನಿಂತು ತುಳಿದ್ರೆ ಚಳ್ಳಕೆರೆ ತನಕ ನಡೆದಷ್ಟಾಗ್ತದಂತೆ. ಹೊಸ್ತಿಲು ಮಾತ್ರ ದಾಟಂಗಿಲ್ಲ."

"ಬಿದ್ರೆ?"

"ಅದಕ್ಕೇ ಹಿಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಹುಡುಕ್ತಿದಾಳೆ."

ಕೆಂಚಕ್ಕನಿಗೆ ನಗು ಬಂತು. ಅವಳು ಗೌರಸಮುದ್ರದ ಕುರಿಯವರ ಮನೆ ಹೆಂಗಸು. ಹುಟ್ಟಿದಾಗಿನಿಂದ ಕುರಿ ಹಿಂದೆ ನಡೆದು ಅಂಗಾಲು ಚಪ್ಪಲಿಗಿಂತ ಗಟ್ಟಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಮಗ ಕುರಿ ಮಾರಿದ. ಅವಳು ಕೂಲಿ ಹುಡುಕಿಕೊಂಡು ಹೊರಟಿದ್ದಳು. ನಡೆಯದ ಕಾಲಿಗೆ ನಡೆದ ಕಾಲು ಕಾವಲು ಅಂದುಕೊಂಡು, ಬಸ್ಸಿಳಿದವಳೇ ಆ ಹೆಂಗಸರ ಹಿಂದೆ ಹೋಗಿ ಮನೆ ಕಂಡುಕೊಂಡಳು.

ಉಚ್ಚಂಗೆಮ್ಮ ಜಗಲಿ ಮೇಲೆ ಬಲಗಾಲು ಚಾಚಿ ಕೂತಿದ್ದಳು. ದುಂಡನೆಯ ಆಳು, ಬಾಯಿ ತುಂಬ ಎಲೆ ಅಡಿಕೆ. ಕೆಂಚಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನ ಎತ್ತೋಕೆ ಆಗ್ತದಾ?"

"ಟಗರು ಎತ್ತೀನಿ ಅಕ್ಕಾ."

"ನಾನು ಟಗರಿಗಿಂತ ಭಾರ. ಆದ್ರೆ ಹಾಯೋದಿಲ್ಲ, ಒಳಗೆ ಬಾ."

ಆಗ ಮೊಬೈಲು ಇನ್ನೂ ಸಾಹುಕಾರರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ಉಚ್ಚಂಗೆಮ್ಮ ಗಂಡ ಹೋದ ಮೇಲೆ ತಾನೇ ಮಗ್ಗಕ್ಕೆ ಕೂತವಳು. ಊರಿನಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರೇ ಹೊರತು ಸೀರೆ ನೇಯಲು ಕೂರುತ್ತಿದ್ದವರು ಕಡಿಮೆ. ಇವಳು ಕೂತಳು, ಕೂತೇ ಬಿಟ್ಟಳು. ಮಕ್ಕಳಿರಲಿಲ್ಲ. ಚಳ್ಳಕೆರೆಯಲ್ಲಿದ್ದ ತಂಗಿಯ ಮಕ್ಕಳಾದ ಬಾಲರಾಜ್ ಮತ್ತು ಸ್ವಪ್ನ ದೊಡ್ಡವ್ವ ಎಂದು ಬಂದು ಹೋಗುತ್ತಿದ್ದರು. ಸ್ವಪ್ನಳ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಧಾರೆ ಸೀರೆ ನಾನೇ ನೇಯ್ದು ಕೊಡುತ್ತೇನೆ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಉಚ್ಚಂಗೆಮ್ಮ ಮಾತು ಕೊಟ್ಟಿದ್ದಳು. ಗಿಳಿ ಅಂಚಿನ ಆ ಸೀರೆ ಮಗ್ಗದ ಮೇಲೆ ಅರ್ಧ ಆಗಿತ್ತು. ಅಷ್ಟರಲ್ಲಿ ನಲ್ಲಿ ಹತ್ತಿರ ಜಾರಿ ಬಿದ್ದು ಬಲಗಾಲು ಮುರಿಯಿತು. ಪಟ್ಟಿ ಬಿಚ್ಚಿದಾಗ ಕಾಲು ಒಣಗಿದ ಜೋಳದ ದಂಟಿನ ಹಾಗಿತ್ತು. ಮಗ್ಗಕ್ಕೆ ಕೈಯಷ್ಟೇ ಕಾಲೂ ಬೇಕು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿದರೇ ಹಾಸಿನ ಎಳೆಗಳು ಬಾಯಿ ಬಿಡುವುದು, ಲಾಳಿ ಓಡುವುದು.

ಪಕ್ಕದ ಬೀದಿಯ ಕಾಮಣ್ಣ ಒಳ್ಳೆ ನೇಕಾರ. ಮಿಕ್ಕಿದ್ದನ್ನು ನಾನು ಮುಗಿಸಿಕೊಡುತ್ತೇನೆ ಅಂದ. ಉಚ್ಚಂಗೆಮ್ಮ ಒಪ್ಪಲಿಲ್ಲ.

"ಒಂದು ಸೀರೆಗೆ ಇಬ್ಬರ ಕಾಲಾ? ಎಳೆ ಕೂರಿಸೋ ನಿನ್ನ ಏಟು ಗಟ್ಟಿ, ನಂದು ಹಗುರ. ಬೆಳಕಿಗೆ ಹಿಡಿದ್ರೆ ಸೀರೆ ಮಧ್ಯ ಆಂಧ್ರದ ಗಡಿಕಲ್ಲು ನೆಟ್ಟಂಗೆ ಕಾಣ್ತದೆ. ಹೋಗಯ್ಯ."

ದಿನಾ ನಡೆಯಿರಿ, ಕಾಲು ತುಂಬಿಕೊಳ್ಳುತ್ತದೆ ಎಂದರು ಡಾಕ್ಟರು. ಅವಳು ಕೋಲು ಹಿಡಿದು ಹೊರಟಳು. ಆದರೆ ಅವರ ಬೀದಿಯಲ್ಲಿ ಸುಮ್ಮನೆ ನಡೆದು ಹೋಗಲು ಯಾರು ಬಿಡುತ್ತಾರೆ? ಮೊದಲನೇ ಮನೆಯಲ್ಲಿ ಕಾಲು ತೋರಿಸು ಅಂದರು. ಎರಡನೇ ಮನೆಯಲ್ಲಿ ಟೀ. ಮೂರನೇ ಮನೆಯಲ್ಲಿ ಮಂಡಕ್ಕಿ, ಅವರ ಸೊಸೆಯ ಮೇಲೆ ಚಾಡಿ. ಬೀದಿ ತುದಿ ಮುಟ್ಟದೆ ಹೊಟ್ಟೆ ಬೆಳೆಯಿತೇ ಹೊರತು ಕಾಲು ಬೆಳೆಯಲಿಲ್ಲ. ಅದಕ್ಕೇ ಬಾಲರಾಜ್ ಮಿಷನ್ನಿನ ಯೋಚನೆ ಮಾಡಿದ್ದು. ಅವನಿಗೆ ಪರಿಚಯದ ಎಣ್ಣೆ ಮಿಲ್ಲಿನ ಸಾಹುಕಾರರ ಮನೆಯಲ್ಲಿ ಅದು ಟವೆಲ್ಲು ಒಣಗಿಸುವ ಕೆಲಸ ಮಾಡುತ್ತಿತ್ತಂತೆ. ತಗೊಂಡು ಹೋಗಪ್ಪ, ದಾರಿಗಡ್ಡ ಅಂದರಂತೆ ಮನೆಯವರು.

ಕೆಂಚಕ್ಕ ಬಂದ ವಾರದಲ್ಲೇ ಮಿಷನ್ನು ಟೆಂಪೋದಲ್ಲಿ ಬಂದಿಳಿಯಿತು, ಬಿಡಿಬಿಡಿಯಾಗಿ. ನಟ್ಟು ಬೋಲ್ಟು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಕೂಡಿಸಲು ಬಾಲರಾಜನ ಜೊತೆ ನೂರ್ ಅಹಮ್ಮದ್ ಬಂದಿದ್ದ. ಚಳ್ಳಕೆರೆಯ ಮಿಲ್ಲುಗಳಲ್ಲಿ ಮಿಷನ್ ರಿಪೇರಿ ಮಾಡುವವನು, ಬಿಳಿ ಗಡ್ಡ, ನಿಧಾನದ ಮಾತು. ಚಕ್ರವಿದ್ದ ಭಾರದ ಭಾಗ ಕೆಳಗಿಟ್ಟ. ಎರಡು ಉದ್ದದ ಪೆಡಲು ಸಿಕ್ಕಿಸಿದ. ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುವ ಎರಡು ಕೋಲು ನಿಲ್ಲಿಸಿದ. ಚಕ್ರಕ್ಕೆ ಒಂದು ಅಗಲದ ಪಟ್ಟಿ ಸುತ್ತಿ, ಅದನ್ನು ಬಿಗಿ ಸಡಿಲ ಮಾಡುವ ತಿರುಪು ಕೂರಿಸಿದ.

"ಹತ್ತಿ ಅಮ್ಮಾ. ಜರಾ ನಿಧಾನ."

ಕೆಂಚಕ್ಕ ತೋಳು ಹಿಡಿದಳು, ಉಚ್ಚಂಗೆಮ್ಮ ಹತ್ತಿದಳು, ಎಡಗಾಲು ತುಳಿದಳು. ಬಲಗಾಲು ಮೇಲೆದ್ದಿತು, ಅದರ ಜೊತೆ ಇಡೀ ಆಳು ಮೇಲೆದ್ದಿತು, ತಲೆ ಹೋಗಿ ತೊಲೆಗೆ ಬಡಿಯಿತು. ಆ ಮನೆಯ ಮಾಡು ಅಷ್ಟು ತಗ್ಗು. ಕೂತು ನೇಯುವವರ ಮನೆಗೆ ಎತ್ತರ ಯಾಕೆ ಬೇಕು? ಉಚ್ಚಂಗೆಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು.

"ಏಮಯ್ಯಾ, ಕಾಲು ಸರಿ ಮಾಡ್ತೀನಂತ ಬಂದು ತಲೆ ಒಡೀತೀಯಾ?"

ಅಂಗಳದಲ್ಲಿಡೋಣ ಎಂದ ಬಾಲರಾಜ್. ಅಂಗಳದಲ್ಲಿಟ್ಟರೆ ಊರೆಲ್ಲ ಟಿಕೀಟು ತಗೊಳ್ಳದೆ ನೋಡಲು ಬರುತ್ತದೆ ಎಂದಳು ಅವಳು. ಹೆಂಚು ತೆಗೆಯೋಣ ಎಂದ ನೂರ್ ಅಹಮ್ಮದ್. ಆಗ ಕೆಂಚಕ್ಕ ಮೂಲೆ ಕಡೆ ಕೈ ತೋರಿಸಿದಳು. "ಅದೊಂದು ಗುಂಡಿ ಖಾಲಿ ಐತಲ್ಲಕ್ಕ."

ಅದು ಉಚ್ಚಂಗೆಮ್ಮನ ಗಂಡ ಗಾದ್ರಪ್ಪನ ಮಗ್ಗದ ಗುಂಡಿ. ಮಗ್ಗ ಬಿಚ್ಚಿ ವರ್ಷಗಳಾಗಿದ್ದರೂ ಅವಳು ಅದನ್ನು ಮುಚ್ಚಿಸಿರಲಿಲ್ಲ. ಶುಕ್ರವಾರ ದೀಪ ಹಚ್ಚುತ್ತಿದ್ದಳು. ಗುಂಡಿಯನ್ನು ತುಸು ಹೊತ್ತು ನೋಡಿದಳು. "ಆ ಯಪ್ಪ ಇಪ್ಪತ್ತೆಂಟು ವರ್ಷ ತುಳಿದ ಜಾಗ. ನಾನು ತುಳಿದ್ರೆ ಬ್ಯಾಡ ಅಂತಾನಾ? ಅಗೀರಿ" ಎಂದಳು.

ಹಾರೆ ತಂದು ಗುಂಡಿಯನ್ನು ಉದ್ದ ಮಾಡಿದರು, ಮಿಷನ್ನು ಇಳಿಸಿದರು, ಇಳಿಯಲು ಕಲ್ಲು ಇಟ್ಟರು. ಈಗ ತಲೆಗೂ ತೊಲೆಗೂ ನಡುವೆ ಒಂದು ಗೇಣು ಜಾಗ. ಬಾಗಿಲಿನಿಂದ ನೋಡಿದರೆ ಮೊಣಕಾಲಿಂದ ಕೆಳಗಿಲ್ಲದ ಹೆಂಗಸೊಬ್ಬಳು ನೆಲದೊಳಗಿಂದ ಎದ್ದು ಓಲಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ನೂರ್ ಅಹಮ್ಮದ್ ಟೀ ಕೂಡ ಕುಡಿಯದೆ ಓಡಿದ.

ಮೊದಮೊದಲು ಮಿಷನ್ನು ಬಲು ಬಿಗಿ. ಉಚ್ಚಂಗೆಮ್ಮ ಸ್ವಲ್ಪ ತುಳಿದರೆ ಬೆವತು ಹೋಗುತ್ತಿದ್ದಳು. ಶುಕ್ರವಾರ ಬಂತು. ಹೊಸ ಮಗ್ಗ ಇಟ್ಟರೆ ಹೇಗೋ ಹಾಗೆ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟಳು, ಹೂ ಮುಡಿಸಿದಳು. ಮಗ್ಗದ ಕೀಲಿಗೆ ಎಣ್ಣೆ ಬಿಡುವ ವಾಡಿಕೆ, ಇದಕ್ಕೂ ಬಿಟ್ಟಳು. ಪೆಡಲಿಗೆ, ಕೋಲಿಗೆ, ಚಕ್ರಕ್ಕೆ, ಪಟ್ಟಿಗೆ, ಯಾರಿಗೂ ಕಡಿಮೆಯಾಗದ ಹಾಗೆ. ಮುಂದಿನ ಶುಕ್ರವಾರವೂ ಹಾಗೆಯೇ.

ದಿನದಿಂದ ದಿನಕ್ಕೆ ಕಾಲು ಹಗುರಾಯಿತು. ಯುಗಾದಿ ಹೊತ್ತಿಗೆ ಅವಳು ಹುಡುಗಿ ಹಾಗೆ ಓಡುತ್ತಿದ್ದಳು.

"ಎಲ್ಲಿಗೆ ಬಂದ್ರಿ ಅಕ್ಕಾ?" ಎಂದು ಕೆಂಚಕ್ಕ ಕೇಳಿದರೆ, "ಚಳ್ಳಕೆರೆ ದಾರೀಲಿ ಹಾನಗಲ್ ದಾಟ್ದೆ. ಬಿ.ಜಿ. ಕೆರೇಲಿ ಟೀ ಕುಡಿಯನ" ಅನ್ನುವಳು.

ಕೆಂಚಕ್ಕ ನಂಬಿದಳು, ಬಾಲರಾಜ್ ನಂಬಿದ, ಉಚ್ಚಂಗೆಮ್ಮನಂತೂ ಊರುಗೋಲನ್ನೇ ಮಾಡಿಗೆ ಸಿಕ್ಕಿಸಿಬಿಟ್ಟಳು. ಒಳ್ಳೆ ದಿನ ನೋಡಿ, ಕಾಯಿ ಒಡೆದು, ತನ್ನ ಮಗ್ಗಕ್ಕೆ ಕೂತಳು.

ಎಡಗಾಲು ತುಳಿದಾಗ ಎಳೆಗಳು ಚೆನ್ನಾಗಿ ಬಾಯಿ ಬಿಟ್ಟವು. ಬಲಗಾಲು ತುಳಿದಾಗ ಅರ್ಧ ಬಾಯಿ. ಲಾಳಿ ಸಿಕ್ಕಿಕೊಂಡಿತು. ಮತ್ತೆ ತುಳಿದಳು, ಕಾಲು ಗಡಗಡ ನಡುಗಿತು. ಬೇಡ ಬಿಡಿ ಅಕ್ಕ ಎಂದರೂ ಹಲ್ಲು ಕಚ್ಚಿ ಒಂದು ಗೇಣು ನೇಯ್ದಳು. ಬಗ್ಗಿ ನೋಡಿದರೆ ಆ ಗೇಣಿನಲ್ಲಿ ಏಟು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಗಿಳಿಗೆ ಕತ್ತು ಸೊಟ್ಟ. ಬಿಚ್ಚಲು ಹೋದರೆ ರೇಷ್ಮೆ ಜೂಲೆದ್ದು ಇನ್ನೂ ಕೆಡುತ್ತದೆ. ಅವಳು ಮಗ್ಗದಿಂದ ಎದ್ದು, ಸೀರೆಯ ಮೇಲೆ ಬಟ್ಟೆ ಮುಚ್ಚಿ, ಗೋಡೆ ಕಡೆ ತಿರುಗಿ ಮಲಗಿದಳು.

"ಕಾಮಣ್ಣಂಗೆ ಹೇಳಿಕಳ್ಸು" ಎಂದಳು.

ಕೆಂಚಕ್ಕ ಹೋಗಲಿಲ್ಲ. ಅಷ್ಟು ಓಡಿದ ಕಾಲು ಇಷ್ಟು ನಡುಗುವುದು ಹೇಗೆ? ಕುಂಟುವ ಕುರಿ ಕಂಡರೆ ಅವಳು ಮೊದಲು ಗೊರಸು ನೋಡುತ್ತಿದ್ದಳು, ಆಮೇಲೆ ಅದು ತುಳಿದು ಬಂದ ನೆಲ ನೋಡುತ್ತಿದ್ದಳು. ಗುಂಡಿಗೆ ಬಗ್ಗಿ ಪೆಡಲನ್ನು ಕಿರುಬೆರಳಲ್ಲಿ ತಳ್ಳಿದಳು. ಬಿಟ್ಟ ಬುಗುರಿ ಹಾಗೆ ಚಕ್ರ ತನ್ನಷ್ಟಕ್ಕೆ ತಿರುಗಿತು, ನಿಲ್ಲಲೇ ಇಲ್ಲ. ಮೊದಲ ದಿನ ಇದು ಹೀಗಿರಲಿಲ್ಲ. ಅವಳು ಕಾಮಣ್ಣನ ಮನೆಗೆ ಹೋಗುವುದು ಬಿಟ್ಟು ಫೋನ್ ಬೂತಿಗೆ ಹೋಗಿ ಬಾಲರಾಜನಿಗೆ ಹೇಳಿದಳು.

ಮಾರನೇ ದಿನ ನೂರ್ ಅಹಮ್ಮದ್ ಬಂದು ಪಟ್ಟಿ ಬಿಚ್ಚಿ ಮೂಗಿನ ಹತ್ತಿರ ಹಿಡಿದ.

"ಇದು ನಮ್ಮ ಮಿಲ್ಲಿನ ವಾಸನೆ. ಕಡ್ಲೆಕಾಯಿ ಎಣ್ಣೆ. ಯಾರು ಹಾಕಿದ್ದು?"

"ನಾನೇ. ಶುಕ್ರವಾರ ಪೂಜೆಗೆ" ಎಂದಳು ಉಚ್ಚಂಗೆಮ್ಮ ಮಲಗಿದ ಕಡೆಯಿಂದಲೇ.

"ಅರೆ ಅಮ್ಮಾ, ಈ ಪಟ್ಟಿ ಚಕ್ರಾನ ಹಿಡ್ಕೊಂಡು ಜಗ್ಗಬೇಕು. ಅದು ಜಗ್ಗಿದ್ರೇನೇ ನಿಮ್ಮ ಕಾಲಿಗೆ ಕೆಲಸ. ನೀವು ಅದಕ್ಕೆ ಎಣ್ಣೆ ಕುಡಿಸಿ ಮಲಗ್ಸಿದೀರಾ. ಇಷ್ಟು ದಿನ ಓಡಿದ್ದು ಮಿಷನ್ನು, ನೀವಲ್ಲ."

ಉಚ್ಚಂಗೆಮ್ಮ ಎದ್ದು ಕೂತಳು. ಬೈಯುತ್ತಾಳೋ ಅಳುತ್ತಾಳೋ ಎಂದು ಕೆಂಚಕ್ಕ ನೋಡಿದಳು. ಅವಳು ಹೊಟ್ಟೆ ಹಿಡಿದು ನಗತೊಡಗಿದಳು. "ಹಂಗಾದ್ರೆ ನನ್ನ ಕಾಲು ಸೋತಿಲ್ಲ ಕಣೆ. ಅದಕ್ಕಿನ್ನೂ ಕೆಲಸಾನೇ ಕೊಟ್ಟಿಲ್ಲ" ಎಂದಳು.

ಪಟ್ಟಿಗೆ ಸೀಗೆಪುಡಿ ತಿಕ್ಕಿ, ಬಿಸಿನೀರು ಹುಯ್ದು, ಬಿಸಿಲಿಗೆ ಹಾಕಿದರು. ನೂರ್ ಅಹಮ್ಮದ್ ಮತ್ತೆ ಬಿಗಿದು ಕೊಟ್ಟ, ಈ ಸಲ ಟೀ ಕುಡಿದೇ ಹೋದ.

ಮದುವೆಗೆ ಉಳಿದ ದಿನ ಕಡಿಮೆ, ಮಿಷನ್ನು ಈಗ ಕಲ್ಲು. ಉಚ್ಚಂಗೆಮ್ಮ ಬೇಗ ಬೇಸತ್ತು ನಿಂತುಬಿಡುತ್ತಿದ್ದಳು. ಆಗ ಕೆಂಚಕ್ಕ ಗುಂಡಿ ದಡದಲ್ಲಿ ಕೂತು ಅವಳನ್ನು ಕುರಿ ದಾರಿಯಲ್ಲಿ ಕರೆದುಕೊಂಡು ಹೊರಟಳು. ಇದು ಜಾಲಿ ಮರ, ನೆರಳಿಲ್ಲ, ನಿಲ್ಲಬೇಡಿ. ಇದು ಗೊಲ್ಲರ ಬಾವಿ, ನೀರು ಸೀ. ಈಗ ಕುರಿ ಮೇಯುವ ಕಾವಲಿನ ಹುಲ್ಲು ಬಂತು, ಅಲ್ಲಿ ಕಾಣುತ್ತಲ್ಲ, ಜಿಂಕೆ ಹಿಂಡು, ಮೆಲ್ಲಗೆ ನಡೀರಿ. ಮದುವೆಯಾಗಿ ಬಂದಾಗಿನಿಂದ ನೂಲು, ಮಗ್ಗ ಬಿಟ್ಟು ಬೇರೆ ಕಾಣದವಳಿಗೆ ಇದೆಲ್ಲ ಹೊಸದು.

"ಜಿಂಕೆ ಓಡ್ತಾ?" ಎಂದು ತುಳಿಯುತ್ತಲೇ ಕೇಳುವಳು.

"ನೀವು ಇಷ್ಟು ಏದುಸಿರು ಬಿಟ್ರೆ ನಿಲ್ತಾವಾ?"

ಹೀಗೆ ನಡೆದು ನಡೆದು ಕಾಲಿಗೆ ಮಾಂಸ ಹತ್ತಿತು. ಈ ಸಲ ಅವಳು ಕಾಯಿ ಒಡೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಕೆಂಚಕ್ಕ ಹಿಟ್ಟು ಕಲೆಸುತ್ತಿದ್ದಾಗ ಮಗ್ಗದ ಸದ್ದು ಕೇಳಿಸಿತು. ಎಡ, ಬಲ, ಎಡ, ಬಲ. ಎರಡೂ ಒಂದೇ ತೂಕ. ಅವಳು ಆ ತಾಳಕ್ಕೇ ರೊಟ್ಟಿ ತಟ್ಟಿದಳು.

ಮದುವೆ ಹತ್ತಿರ ಬಂದಾಗ ಸೀರೆ ಮಗ್ಗದಿಂದ ಇಳಿಯಿತು. ಕಾಮಣ್ಣ ಬೆಳಕಿಗೆ ಹಿಡಿದು ನೋಡಿದ. ಆ ಒಂದು ಗೇಣಿನ ಹತ್ತಿರ ಅವನ ಬೆರಳು ನಿಂತಿತು, ಆಮೇಲೆ ಸೀರೆ ಮಡಿಸಿ ಕೊಟ್ಟ.

ಚಳ್ಳಕೆರೆ ಬಸ್ಸನ್ನು ಉಚ್ಚಂಗೆಮ್ಮ ತಾನೇ ಹತ್ತಿದಳು. ಮದುವೆಯಾದ ಮೇಲೆ ಕೆಂಚಕ್ಕ ಅಲ್ಲಿಂದಲೇ ಗೌರಸಮುದ್ರಕ್ಕೆ ಹೊರಟಳು, ಸೊಸೆಗೆ ದಿನ ತುಂಬಿತ್ತು. ಬಾಣಂತನ, ಮೊಮ್ಮಗ, ತೊಟ್ಟಿಲು ಎಂದು ಆ ವರ್ಷ ಬಿಡುವಾಗಲಿಲ್ಲ. ಮಾರನೇ ವರ್ಷ ಬಾಲರಾಜನೇ ಊರಿಗೆ ಬಂದು ಹೇಳಿದ, ದೊಡ್ಡವ್ವ ಮಲಗಿದ ಹಾಗೆಯೇ ಹೋದಳು, ಮಗ್ಗದ ಮೇಲೆ ಹೊಸ ಸೀರೆ ಇತ್ತು ಎಂದು. ಹಾಗಾಗಿ ಉಚ್ಚಂಗೆಮ್ಮ ಕೆಂಚಕ್ಕನನ್ನು ಕೇಳಿಕೊಂಡ ಕೊನೆಯ ಕೆಲಸ ಛತ್ರದಲ್ಲಿ, ಮದುಮಗಳ ಕೋಣೆಯಲ್ಲಿ ಕೇಳಿದ್ದೇ ಆಯಿತು.

ಅಲ್ಲಿ ಸೀರೆ ಉಡಿಸಲು ಹೆಂಗಸರು ಬೇಕಾದಷ್ಟು ಇದ್ದರು. ಉಚ್ಚಂಗೆಮ್ಮ ಅವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿದಳು. ಕೆಂಚಕ್ಕನ ಕೈಗೆ ಸೀರೆ ಕೊಟ್ಟು, ಕತ್ತು ಸೊಟ್ಟ ಗಿಳಿಗಳ ಮೇಲೆ ಬೆರಳಿಟ್ಟು ತೋರಿಸಿದಳು.

"ಇದು ಒಳಗೆ ಹೋಗಬೇಕು. ನೀನೇ ಉಡ್ಸು, ನೆರಿಗೆ ಒಂದು ಜಾಸ್ತಿ ಹಿಡಿ" ಎಂದಳು.