ಕೆಂಪು ಹಚ್ಚಿದ ಮೂರು ಬಾವಿ

ಫ್ರೆಂಡ್ಸ್, ನಮ್ಮ ಹಾಸ್ಟೆಲಿನ ನೀರು ಕುಡಿಯುವವರು ಇದನ್ನು ಓದಿ. ಇಂದು ಕುಮಟಾದ ನಮ್ಮ ಎಂಎಸ್ಸಿ ಕ್ಲಾಸಿನಲ್ಲಿ ಮೇಡಂ, ಸೀನಿಯರ್ ಒಬ್ಬರು ಮಾಡಿದ ಬಾವಿನೀರಿನ ಪರೀಕ್ಷೆಯ ಎಕ್ಸೆಲ್ ಶೀಟ್ ತೆರೆದರು. ಮೂರು ಬಾವಿಗಳ ಸಾಲು ಮಾತ್ರ ಕೆಂಪು. ಅಂಕಿಗಳು ಉಳಿದವುಗಳಂತೆಯೇ ಇವೆ, ಕಾರಣ ಎಲ್ಲೂ ಬರೆದಿಲ್ಲ. ಅವುಗಳಲ್ಲೊಂದು ನಮ್ಮ ಹಾಸ್ಟೆಲಿನ ಬಾವಿ.

"ಬರೀ ಬಣ್ಣ ಹಚ್ಚಿ ಬಿಟ್ರೆ ಹೀಗೇ ಆಗೋದು. ಕಾರಣಕ್ಕೆ ಬೇರೆ ಕಾಲಂ ಮಾಡಿ," ಎಂದರು ಮೇಡಂ.

ನಾನು ಸೀನಿಯರ್‌ಗೆ ಫೋನ್ ಮಾಡಿದೆ. "ಕೆಂಪು ಅಂದ್ರೆ ಎಂತ ಅಕ್ಕಾ?"

"ನಾನೇ ಹಚ್ಚಿದ್ದು ಮಾರಾಯ್ತಿ. ಕುಡೀಲಿಕ್ಕೆ ಅಡ್ಡಿಲ್ಲ ಅಂತಲೋ, ಕುಡೀಬೇಡಿ ಅಂತಲೋ, ನೆನಪೇ ಇಲ್ಲ." ಆಮೇಲೆ ಅವರೇ ಕೇಳಿದರು: "ನೀವೆಲ್ಲಾ ಆರಾಮ ಇದ್ರಿ ಅಲ್ದಾ?"

ಹೊಸ ಕಾಲಂ ಮಾಡಿ, ನಮ್ಮ ಬಾವಿಯ ಮುಂದೆ "ಗೊತ್ತಿಲ್ಲ" ಎಂದು ತುಂಬಿದೆ. ಮಧ್ಯಾಹ್ನ ಊಟಕ್ಕೆ ಅದೇ ನೀರು. ಯಾವತ್ತಿನ ಹಾಗೆ ಸಿಹಿಯಾಗಿತ್ತು. ಅದಕ್ಕೇ ಹೆದರಿಕೆಯಾಯಿತು.