ಬೇಗಡೆ ಮೀನಿನ ಓಂಕಾರಪ್ಪನವರು

ಓಂಕಾರಪ್ಪನವರು ಮೀನು ತಿಂದವರಲ್ಲ. ಅವರ ಮನೆತನದಲ್ಲಿ ಮೊಟ್ಟೆಯ ಹೆಸರೆತ್ತಿದರೂ ಹಿರಿಯರು ಎದ್ದು ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಅಂಥವರು ಎರ್ನಾಕುಲಂನ ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾಗಿ ಬಂದು, ತ್ರಿಪ್ಪುಣಿತ್ತುರದ ಫ್ಲ್ಯಾಟಿನಲ್ಲಿ ಕೂತು ಮೀನಿಗೆ ಶೃಂಗಾರ ಮಾಡುತ್ತಾರೆಂದರೆ ರಾಣೆಬೆನ್ನೂರಿನ ಬೀಗರು ನಂಬಿಯಾರೆ?

ಜೀವದ ಮೀನಲ್ಲ, ರಬ್ಬರಿನದು. ಎರೆಹುಳದ ಬದಲು ಗಾಳಕ್ಕೆ ಸಿಕ್ಕಿಸುವ ಬೆರಳುದ್ದದ ಮೀನು. ಹವ್ಯಾಸಕ್ಕೆ ಗಾಳ ಹಾಕುವವರು ಅದನ್ನು ಲೂರ್ ಅನ್ನುತ್ತಾರೆ. ಕಚೇರಿಯ ಗೆಳೆಯ ಜೋಸಿ ಒಂದು ಭಾನುವಾರ ಹಿನ್ನೀರಿನ ದಂಡೆಗೆ ಕರೆದೊಯ್ದು ತನ್ನ ಪೆಟ್ಟಿಗೆ ತೆರೆದಾಗ ಓಂಕಾರಪ್ಪನವರಿಗೆ ಹಿಡಿಸಿದ್ದು ಮೀನು ಹಿಡಿಯುವುದಲ್ಲ, ಈ ಬಣ್ಣದ ಬೊಂಬೆಗಳು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಬೇಗಡೆ ಸುತ್ತಿ ಪಳಗಿದ ಕೈ ಅವರದು. "ಇದನ್ನ ಇಷ್ಟು ಸಪ್ಪಗ ಯಾಕ ಬಿಟ್ಟೀರಿ?" ಎಂದು ನಾಲ್ಕು ಲೂರ್ ಮನೆಗೆ ತಂದರು. ಹೊಟ್ಟೆಗೆ ಮಿನುಗು ಪುಡಿ, ಬೆನ್ನಿಗೆ ಹೆಂಡತಿಯ ಉಗುರುಬಣ್ಣ, ಬಾಲಕ್ಕೆ ಬೇಗಡೆಯ ಎಳೆ. ಮುಂದಿನ ವಾರ ಅದೇ ಲೂರಿಗೆ ಜೋಸಿ ಮೊಳದುದ್ದದ ಕಾಳಾಂಜಿ ಮೀನು ಎಳೆದ. ಅಲ್ಲಿಗೆ ಹುಚ್ಚು ಹತ್ತಿತು.

ಮಿನುಗು ದೂರದ ಮೀನನ್ನು ಕರೆಯುತ್ತದೆ, ಕಚ್ಚಿದ್ದನ್ನು ಬಿಡದಂತೆ ಮಾಡುವುದು ವಾಸನೆ. ಇದು ಗೊತ್ತಾದ ಮೇಲೆ ಒಣಸೀಗಡಿಯ ಪುಡಿ, ಬೆಳ್ಳುಳ್ಳಿ, ಸೋಂಪು ಎಲ್ಲ ಎಣ್ಣೆಗೆ ಬಿದ್ದವು. ಹೆಂಡತಿ ಕುಸುಮಾವತಿ ಸೆರಗು ಮೂಗಿಗೆ ಹಿಡಿದೇ ತೀರ್ಪು ಕೊಟ್ಟರು: "ಬಣ್ಣ ಮನಿಯೊಳಗ, ನಾತ ಬಾಲ್ಕನಿಯೊಳಗ. ದೇವರ ಕೋಣಿ ಕಡೆ ಒಂದು ಹನಿ ಬಂದ್ರ, ನಾನೂ ಇರಂಗಿಲ್ಲ, ನಿಮ್ಮ ಮೀನೂ ಇರಂಗಿಲ್ಲ."

ಹೀಗೆ ಸಂಸಾರ ಸುಖವಾಗಿ ನಡೆದಿತ್ತು. ಆಮೇಲೆ ಲೋಕಕ್ಕೆಲ್ಲ ಬಂದ ಆ ಜ್ವರ ಇವರಿಗೂ ಬಂತು. ಜ್ವರವೇನೋ ಇಳಿಯಿತು, ಹೋಗುವಾಗ ಓಂಕಾರಪ್ಪನವರ ಮೂಗಿನ ಶಕ್ತಿಯನ್ನು ಹೊತ್ತುಕೊಂಡು ಹೋಯಿತು. ಉಪ್ಪು, ಹುಳಿ, ಖಾರ ನಾಲಗೆಗೆ ತಿಳಿಯುತ್ತಿತ್ತು. ಘಮ ಎಂಬುದು ಮಾತ್ರ ಸುಳಿಯಲಿಲ್ಲ. ತಾನಾಗಿ ಮರಳಿ ಬರಬಹುದು ಎಂದರು ಡಾಕ್ಟರು. ಬರಲಿಲ್ಲ.

ಇದನ್ನು ಅವರು ಯಾರಿಗೂ ಹೇಳಲಿಲ್ಲ, ಮುಖ್ಯವಾಗಿ ಹೆಂಡತಿಗೆ. ಕಾರಣವಿತ್ತು. ಊರಿನಲ್ಲಿ ಕುಸುಮಾವತಿಯ ಸಾರಿನ ಒಗ್ಗರಣೆ ಬಿದ್ದರೆ ಓಣಿಯೇ ತಿರುಗಿ ನೋಡುತ್ತಿತ್ತು. ಇಲ್ಲಿ ಅಕ್ಕಪಕ್ಕದವರಿಗೆ ತೆಂಗಿನೆಣ್ಣೆಯ ಅಡುಗೆಯೇ ಅಡುಗೆ. ಮಗಳು ನೇಹಾ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಟ್ಟು, ಊಟವನ್ನು ಕಾಲೇಜಿನ ಕ್ಯಾಂಟೀನಿನಲ್ಲೇ ಮುಗಿಸಿ ಬರುತ್ತಿದ್ದಳು. ಆ ಅಡುಗೆಗೆ ಈ ಊರಿನಲ್ಲಿ ಉಳಿದಿದ್ದದ್ದು ಗಂಡನ ಒಂದು ಮೆಚ್ಚುಗೆ. ಅದನ್ನೂ ಕಿತ್ತುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ದಿನವೂ ಸಾರು ಸುರಿದು, ಮೂಗರಳಿಸಿ, "ಚಲೋ ಆಗೈತಿ" ಎನ್ನುತ್ತಿದ್ದರು. ಸೀಗಡಿ ಎಣ್ಣೆಯನ್ನು ಕೈಅಂದಾಜಿನಲ್ಲೇ ಬೆರೆಸುತ್ತಿದ್ದರು. ಆದರೆ ಮೀನುಗಳಿಗೆ ದಾಕ್ಷಿಣ್ಯವಿರಲಿಲ್ಲ. ಲೂರ್ ಎಷ್ಟು ಮಿನುಗಿದರೂ ಮೂಸಿ ಹಿಂದೆ ಸರಿಯುತ್ತಿದ್ದವು, ಜೋಸಿಯೂ ಏನೂ ಹೇಳದೆ ಬೇರೆ ಲೂರ್ ಕಟ್ಟತೊಡಗಿದ್ದ.

ಅಷ್ಟರಲ್ಲಿ ತಿರುವನಂತಪುರದಲ್ಲಿ ಕುಸುಮಾವತಿಯ ತಮ್ಮ ಶ್ರೀನಿಧಿಯ ಗೃಹಪ್ರವೇಶ ಬಂತು. ಆತ ಅಲ್ಲಿ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ. ಆ ಊರಿನಲ್ಲಿ, ಹಿಂದೆಯೇ ಕೇಳಿದ್ದ ಜೋಸಿಯ ಗೆಳೆಯನೊಬ್ಬನಿಗೆ ಕೊಡಲೆಂದು ಓಂಕಾರಪ್ಪನವರು ಎಣ್ಣೆಯ ಶೀಸೆಯನ್ನು ಹೆಂಡತಿಗೆ ಗೊತ್ತಾಗದಂತೆ ಬ್ಯಾಗಿಗೆ ತುರುಕಿದರು. ಮುಚ್ಚಳ ಬಿಗಿಯಾಗಿತ್ತೋ ಇಲ್ಲವೋ ನೋಡಲಿಲ್ಲ.

ರೈಲು ಕೋಟ್ಟಯಂ ದಾಟುವಷ್ಟರಲ್ಲಿ ಎದುರು ಸೀಟಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಓಂಕಾರಪ್ಪನವರು ಜಾಗವಾಯಿತೆಂದು ಖುಷಿಯಿಂದ ಕಾಲು ಚಾಚಿದರು. ಉಳಿದದ್ದು ಬಾಳೆಎಲೆ ಮುಚ್ಚಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಅಜ್ಜಿ. ಕುಸುಮಾವತಿ ಸೆರಗು ಮೂಗಿಗೊತ್ತಿಕೊಂಡು, "ಏನ್ ನಾತರೀ ಇದು! ಯಾರೋ ಕೊಳೆತ ಮೀನ ತಂದಾರ" ಎಂದರು.

ಓಂಕಾರಪ್ಪನವರು ಅಭ್ಯಾಸಬಲದಿಂದ ಮೂಗರಳಿಸಿದರು. "ಹೌದೌದು, ಭಾಳ ನಾತ," ಎಂದು ದನಿ ತಗ್ಗಿಸಿ, ಕಣ್ಣಿನಲ್ಲೇ ಅಜ್ಜಿಯ ಬುಟ್ಟಿ ತೋರಿಸಿದರು.

ಅಜ್ಜಿಗೆ ಮಾತು ತಿಳಿಯಲಿಲ್ಲ, ನೋಟ ತಿಳಿಯಿತು. ಬಾಳೆಎಲೆ ಸರಿಸಿ ತೋರಿಸಿದಳು. ಬುಟ್ಟಿಯ ತುಂಬ ಮಲ್ಲಿಗೆ. ಹತ್ತಿದಾಗಿನಿಂದ ಆ ಸೀಟಿನಲ್ಲಿ ಉಸಿರಾಡುವಂತಿದ್ದರೆ ಅದು ಆ ಹೂವಿನ ದಯೆಯಿಂದಲೇ.

ಕುಸುಮಾವತಿ ಸೆರಗು ಇಳಿಸಿ ಗಂಡನ ಮುಖವನ್ನೇ ನೋಡಿದರು. ತಿರುವನಂತಪುರದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲಿ ಬ್ಯಾಗು ತೆರೆದಾಗ ಗೃಹಪ್ರವೇಶಕ್ಕೆ ಉಡಲೆಂದು ತಂದ ಇಳಕಲ್ ಸೀರೆಯ ಮೇಲೆ ಸೀಗಡಿ ಎಣ್ಣೆ ಹರಡಿತ್ತು. ಕುಸುಮಾವತಿ ಸೀರೆಯನ್ನು ಹಾಗೇ ಬಿಟ್ಟು ಗಂಡನತ್ತ ತಿರುಗಿದರು.

"ನಿಮಗ ವಾಸನಿ ಬರಂಗಿಲ್ಲ. ಯಾವಾಗಿಂದ?"

"ಆ ಜ್ವರ ಬಂದಾಗಿಂದ."

"ಅಂದ್ರ ನನ್ನ ಸಾರು? ದಿನಾ ಚಲೋ ಚಲೋ ಅಂದದ್ದು?"

ಓಂಕಾರಪ್ಪನವರು ತಲೆ ತಗ್ಗಿಸಿದರು. ಕುಸುಮಾವತಿಯ ಕಣ್ಣು ತುಂಬಿತು. "ನಾ ಇಲ್ಲಿ ಯಾರಿಗೆ ಅಡಗಿ ಮಾಡಾಕತ್ತಿದ್ನಿ ಹಂಗಾರ?"

ತಮ್ಮನ ಹೆಂಡತಿ ನಿರ್ಮಲ ಕೊಟ್ಟ ಸೀರೆಯುಟ್ಟು ಕುಸುಮಾವತಿ ಗೃಹಪ್ರವೇಶ ಮುಗಿಸಿದರು. ತ್ರಿಪ್ಪುಣಿತ್ತುರಕ್ಕೆ ಮರಳಿದ ಮೇಲೆ ತಟ್ಟೆಗೆ ಬಡಿಸುತ್ತಿದ್ದರು, ಎದುರಿಗೆ ಕೂರುತ್ತಿರಲಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದು ನಿಂತುಹೋಯಿತು. ಮೂಗಿಲ್ಲದವನಿಗೆ ಒಗ್ಗರಣೆ ಯಾಕೆ? ಓಂಕಾರಪ್ಪನವರಿಗೆ ಆ ಸದ್ದಿಲ್ಲದ ಅಡುಗೆಮನೆಯೇ ಹೆಚ್ಚು ಸಂಕಟ ಕೊಟ್ಟಿತು.

ಭಾನುವಾರ ಅವರು ಬಾಲ್ಕನಿಯಲ್ಲಿ ಕೂತು ಶೀಸೆ, ಲೂರ್, ಬೇಗಡೆ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದರು, ಎಸೆದುಬಿಡಲು. ಇವುಗಳಿಂದಲೇ ಮನೆ ಹಾಳಾಯಿತೆಂದು ಅವರ ಲೆಕ್ಕ. ಹಿಂದೆ ಹೆಜ್ಜೆ ಸಪ್ಪಳವಾಯಿತು. ಆ ಬಾಲ್ಕನಿಗೆ ಎಂದೂ ಕಾಲಿಡದಿದ್ದ ಕುಸುಮಾವತಿ ಮಣೆ ಎಳೆದು ಕೂತರು.

"ಕೊಡ್ರಿಲ್ಲಿ."

ಶೀಸೆ ತೆರೆದು, ಸೆರಗು ಮುಟ್ಟದೆ, ಮೂಗಿನ ಹತ್ತಿರ ತಂದರು. ಮುಖ ಕಿವುಚಿತು, ಕೈ ಹಿಂದೆ ಸರಿಯಲಿಲ್ಲ. "ಎಣ್ಣಿ ಕಮಟೈತಿ. ಮೀನ ಯಾಕ ಕಡೀತಾವ? ಬಳ್ಳೊಳ್ಳಿ ಅಂತೂ ಮಿತಿ ಮೀರೈತಿ. ಚೆಲ್ರಿ, ಹೊಸಾದು ಮಾಡೂಣು."

"ಕುಸುಮಾ, ನೀ ಇದನ್ನೆಲ್ಲ…"

"ನನ್ನ ಮೂಗು ನೆಟ್ಟಗೈತಲ್ಲ. ಆದ್ರ ಒಂದು ಮಾತು. ಇನ್ನ ಮ್ಯಾಲೆ ಊಟಕ್ಕ ಕುಂತು ಸುಳ್ಳು ಹೇಳಬ್ಯಾಡ್ರಿ."

ಮಧ್ಯಾಹ್ನ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು. ಅವರು ಸಾರು ಬಡಿಸಿ, ಈ ಸಲ ಎದುರಿಗೇ ಕೂತರು. ಓಂಕಾರಪ್ಪನವರು ಒಂದು ತುತ್ತು ನುಂಗಿದರು. ಆಮೇಲೆ ತಟ್ಟೆ ನೋಡುತ್ತಲೇ ಕೇಳಿದರು, "ಹೆಂಗೈತಿ, ನೀನ ಹೇಳು."

ಕುಸುಮಾವತಿ ಬಟ್ಟಲನ್ನು ಮೂಗಿಗೆ ಹಿಡಿದರು. "ಮೊದಲ ಇಂಗು ಬರ್ತೈತಿ. ಅದರ ಹಿಂದ ಕರಿಬೇವು. ಕೊತ್ತಂಬರಿ ಈಗ ಹಾಕೀನಿ, ಅದು ಹಸೀ ಹಸೀ ಅನ್ನಾಕತ್ತೈತಿ."

ಓಂಕಾರಪ್ಪನವರು ಕಣ್ಣು ಮುಚ್ಚಿ ಇನ್ನೊಂದು ತುತ್ತು ಬಾಯಿಗಿಟ್ಟರು.

"ಮತ್ತ?" ಎಂದರು.