ಕೊನೆಯ ಹಾಳೆ ಇಲ್ಲದ ಕಾಮಿಕ್ಸ್

ಇವತ್ತು ಮಗಳು ಕುತ್ತಿಗೆಗೆ ಟವೆಲ್ ಕಟ್ಟಿಕೊಂಡು ಸೋಫಾದಿಂದ ಹಾರಿದಳು. ನಾನು ಕಿರುಚಿದೆ, ಅವಳು ನಕ್ಕಳು. ರಾತ್ರಿಯೆಲ್ಲ ನಿದ್ದೆಗೆಟ್ಟ ತಲೆಗೆ ಅತ್ತೆಯ ಕಾಮಿಕ್ಸ್ ನೆನಪಾಯಿತು.

ಅತ್ತೆ ಅಂದರೆ ಅಪ್ಪನ ಅಕ್ಕ, ಹೊಸನಗರದವರು. ಅರವತ್ತರ ದಶಕದಲ್ಲಿ, ಹೈಸ್ಕೂಲು ಹುಡುಗಿಯಾಗಿದ್ದಾಗ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹಟ ಮಾಡಿ ಕೊಡಿಸಿಕೊಂಡ ಇಂಗ್ಲಿಷ್ ಪುಸ್ತಕ ಅದು. ನನ್ನ ಬಾಲ್ಯದ ಹೊತ್ತಿಗೆ ಮುಟ್ಟಿದರೆ ಪುಡಿಯಾಗುವಂತಿತ್ತು. ಅದರಲ್ಲಿ ಹಾರುವ ವೀರನೊಬ್ಬನಿದ್ದ. ಅತ್ತೆಗೆ ಅವನು ಅಷ್ಟಕ್ಕಷ್ಟೇ. ಅವರು ಕನ್ನಡದಲ್ಲಿ ಹೇಳುತ್ತಿದ್ದುದೆಲ್ಲ ಅದರಲ್ಲಿದ್ದ ಪತ್ರಕರ್ತೆಯ ಕಥೆ. ಅವಳು ಪೆನ್ಸಿಲ್ ಹಿಡಿದು, ಕಳ್ಳರ ಬೆನ್ನು ಹತ್ತಿ, ಎತ್ತರದ ಕಟ್ಟಡದ ಅಂಚಿಗೆ ಹೋಗುತ್ತಾಳೆ. ಕಾಲು ಜಾರುತ್ತದೆ. ಅಲ್ಲಿಗೆ ಪುಸ್ತಕ ಮುಗಿಯುತ್ತಿತ್ತು. ಕೊನೆಯ ಹಾಳೆಯನ್ನು ಅಜ್ಜ ಹರಿದು, ಸುರುಳಿ ಸುತ್ತಿ, ಸೀಮೆಎಣ್ಣೆ ಬಾಟ್ಲಿಗೆ ಬಿರಡೆ ಮಾಡಿದ್ದರಂತೆ.

ಒಂದು ದಿನ ನಾನು ಕೇಳಿಯೇಬಿಟ್ಟೆ: "ಸತ್ತೋದ್ಲಾ, ಅತ್ತೆ?"

"ಸತ್ರೆ ಮಾರನೇ ದಿನ ಪೇಪರಿಗೆ ಬರೆಯೋದ್ಯಾರೇ? ನಿಮ್ಮಜ್ಜನಾ?"

"ಆ ಹಾಳೆ ನೀನು ಓದಿದ್ಯಾ?"

ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಎಲ್ಲಿ ಓದಿದ್ದು? ಶಾಲೆಯಿಂದ ಬರೋಷ್ಟ್ರಲ್ಲಿ ಬಾಟ್ಲಿ ಬಾಯಲ್ಲಿತ್ತು. ಅತ್ತೂ ಅತ್ತೂ ಸಾಕಾಗಿ, ಕೊನೆಗೆ ನಾನೇ ಅವಳನ್ನ ಬದುಕಿಸ್ಕೊಂಡೆ. ಬರೆಯೋ ಕೆಲ್ಸ ಬಾಕಿ ಇದ್ದೋಳು ಅಷ್ಟು ಸುಲಭಕ್ಕೆ ಸಾಯಲ್ಲ ಕಣೇ."

ಅವತ್ತು ನಾನು ನೆಮ್ಮದಿಯಾಗಿ ಊಟ ಮಾಡಿದೆ.

ಮಗಳು ಮತ್ತೆ ಸೋಫಾ ಹತ್ತಿದ್ದಾಳೆ. ಒಂದು ಕೈಯನ್ನು ಅವಳ ಕಡೆ ಚಾಚಿಕೊಂಡೇ, ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅಂದರೆ, ಅತ್ತೆಯ ಲೆಕ್ಕದಲ್ಲಿ, ನಾವಿಬ್ಬರೂ ಕ್ಷೇಮ.